ಜಾವಾ ಕೋಡಿಂದ ಸೆಕ್ಯುರಿಟಿ ಕಡೆಗೆ

ಪ್ರಶ್ನೆ: ಸರ್, ಬೆಂಗಳೂರಲ್ಲಿ 5 ವರ್ಷದಿಂದ ಜಾವಾ ಡೆವಲಪರ್ ಆಗಿದೀನಿ. ಸೈಬರ್ ಸೆಕ್ಯುರಿಟಿಗೆ ಬಂದು ಮುಂದೆ ಟೀಮ್ ಲೀಡ್ ಆಗ್ಬೇಕು ಅಂತ ಆಸೆ. ಮೊದ್ಲು ಸರ್ಟಿಫಿಕೇಟ್ ಮಾಡ್ಲಾ?
- ಓದುಗಿ, ಬೆಂಗಳೂರು

ಉತ್ತರ: ಸರ್ಟಿಫಿಕೇಟ್ ಆಮೇಲೆ ನೋಡೋಣ ಕಣಮ್ಮ, 5 ವರ್ಷ ಕೋಡ್ ಬರ್ದಿದೀರಲ್ಲ ಅದೇ ನಿಮ್ ಬಂಡವಾಳ. ಓವಾಸ್ಪ್ ಅನ್ನೋ ಸೆಕ್ಯುರಿಟಿ ಸಂಸ್ಥೆಯವರ ಟಾಪ್ 10 (ವೆಬ್ ಆ್ಯಪ್‌ಗಳ ದೊಡ್ಡ ಅಪಾಯಗಳ ಪಟ್ಟಿ) ಓದಿ, ಅವರದ್ದೇ ಜ್ಯೂಸ್ ಶಾಪ್ ಅಂತ ಬೇಕಂತ್ಲೇ ತಪ್ಪು ಬಿಟ್ಟು ಮಾಡಿರೋ ಫ್ರೀ ಆ್ಯಪ್ ಇದೆ, ಅದನ್ನ ನಿಮ್ಮ ಲ್ಯಾಪ್‌ಟಾಪಲ್ಲೇ ಹಾಕ್ಕೊಂಡು ಒಡೆದು ನೋಡಿ, ಆಮೇಲೆ ಅದೇ ತಪ್ಪನ್ನ ಕೋಡಲ್ಲಿ ಸರಿ ಮಾಡಿ. ಒಡೆಯೋರು ಸಿಕ್ತಾರೆ, ಸರಿಯಾಗಿ ಮುಚ್ಚೋರೇ ಕಮ್ಮಿ. ಪರ್ಮಿಷನ್ ಇಲ್ದೆ ಬೇರೆಯವರ ಸೈಟಿಗೆ ಮಾತ್ರ ಕೈ ಹಾಕ್ಬೇಡಿ.

ಲೀಡ್ ಕೆಲಸ ಬೇರೆನೇ. 2021ರ ಡಿಸೆಂಬರಲ್ಲಿ ಲಾಗ್‌ಫೋರ್‌ಜೆ ಅನ್ನೋ ಜಾವಾ ಲೈಬ್ರರಿಯಲ್ಲಿ (ಲಾಗ್ ಬರೆಯೋಕೆ ಎಲ್ಲರೂ ಎತ್ತಿ ಬಳಸೋ ರೆಡಿ ಕೋಡ್) ದೊಡ್ಡ ಸೆಕ್ಯುರಿಟಿ ತೊಂದ್ರೆ ಬಂತಲ್ಲ, ಆಗ ಮೊದಲ ಪ್ರಶ್ನೆ ಪ್ಯಾಚ್ ಹಾಕಿ ಸರಿ ಮಾಡೋದು ಹೇಗೆ ಅನ್ನೋದಲ್ಲ, ಆ ಲೈಬ್ರರಿ ನಮ್ಮಲ್ಲಿ ಎಲ್ಲೆಲ್ಲಿದೆ ಅನ್ನೋದು, ಯಾಕಂದ್ರೆ ಅದು ಬೇರೆ ಲೈಬ್ರರಿಗಳ ಒಳಗೆ ಸೇರ್ಕೊಂಡಿತ್ತು, ಸರಿ ಮಾಡಿದ 2.15 ವರ್ಷನ್ ಹಾಕಿದ್ಮೇಲೂ ಅದೇ ತಿಂಗಳು 2.16, 2.17 ಹಾಕ್ಬೇಕಾಯ್ತು. ಯಾವ ಲೈಬ್ರರಿ ಎಲ್ಲಿದೆ ಅನ್ನೋ ಪಟ್ಟಿ ಮೊದ್ಲೇ ಇಟ್ಕೊಳ್ಳೋದು, ರಾತ್ರಿ ಯಾರಿಗೆ ಫೋನ್ ಮಾಡ್ಬೇಕು, ಸರ್ವರ್ ನಿಲ್ಸೋ ಅಧಿಕಾರ ಯಾರದ್ದು ಅಂತ ಬರೆದಿಡೋದು ಲೀಡ್ ಕೆಲಸ. 2022ರಿಂದ ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆ ಒಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅನ್ನೋ ನಿಯಮನೂ ಇದೆ, ಯೋಚ್ನೆ ಮಾಡ್ತಾ ಕೂರೋಕೆ ಟೈಮಿರಲ್ಲ.

ಇನ್ನೊಂದು, ಸೆಕ್ಯುರಿಟಿ ತಪ್ಪು ಹುಡುಕೋ ಸ್ಕ್ಯಾನರ್ ಟೂಲ್ ಕೊಟ್ಟ ರಿಪೋರ್ಟನ್ನ ಹಾಗೇ ಡೆವಲಪರ್‌ಗಳ ತಲೆ ಮೇಲೆ ಹಾಕೋ ಲೀಡ್ ಆಗ್ಬೇಡಿ ದಯವಿಟ್ಟು. ನಿಜವಾಗ್ಲೂ ಅಪಾಯ ಇರೋದನ್ನ ಆರಿಸಿ, ಅವರ ಪಕ್ಕ ಕೂತು ಸರಿಮಾಡ್ಸಿ, ಮೀಟಿಂಗಲ್ಲಿ ಯಾರನ್ನೂ ಅವಮಾನ ಮಾಡ್ಬೇಡಿ, ಹೆದರಿಕೊಂಡ್ರೆ ಮುಂದಿನ ಸಲ ತಪ್ಪು ಮುಚ್ಚಿಡ್ತಾರೆ. ಈಗಿರೋ ಟೀಮಲ್ಲೇ ಮುಂದಿನ ಫೀಚರ್‌ಗೆ ಥ್ರೆಟ್ ಮಾಡೆಲಿಂಗ್ (ಯಾರು ಎಲ್ಲಿಂದ ಹೇಗೆ ದಾಳಿ ಮಾಡ್ಬಹುದು ಅಂತ ಮೊದ್ಲೇ ಯೋಚ್ನೆ ಮಾಡಿ ಬರೆದಿಡೋದು) ನಾನು ಮಾಡ್ತೀನಿ ಅಂತ ಮ್ಯಾನೇಜರ್‌ನ ಕೇಳಿ ನೋಡಿ.