ಆಲ್ಟರ್ ಆಗಿರೋ ಹಳೇ ಜರ್ಮನ್ ಟಾರ್ಗೆಟ್ ರೈಫಲ್‌ಗೆ ಬೆಲೆ ಎಷ್ಟು

ಒಬ್ಬರು ತಮ್ಮ ಹಳೇ ಜರ್ಮನ್ ರೈಫಲ್ ಹೇಗಿದೆ ಅಂತ ಹೇಳಿ, ಬೇರೆ ಕಡೆ ಒಂದು ರೇಟು ನೋಡಿ, ಇದಕ್ಕೆಷ್ಟು ಬರುತ್ತೆ ಅಂತ ಕೇಳಿದಾರೆ, ಅವರಿಗೆ ಈ ಉತ್ತರ. ಕೆತ್ತನೆ ಸ್ಟಾಕ್ (ಮರದ ಹಿಡಿ), ಎರಡು ಟ್ರಿಗರ್, ಹಿಂದಿನ ಸೈಟ್ (ಗುರಿ ನೋಡೋ ಭಾಗ) ಇಲ್ಲ, ಬ್ಯಾರಲ್ ಮೇಲೆ ಸ್ಕೋಪಿಗೆ ತೂತು, ಜರ್ಮನ್ ಗುಂಡು ಚೇಂಬರಲ್ಲಿ (ಬ್ಯಾರಲ್‌ನಲ್ಲಿ ಗುಂಡು ಕೂರೋ ಜಾಗ) ಲೂಸ್ ಅಂದ್ರೆ, ಅದು ಬಹುಶಃ 8.15×46ಆರ್ ಅನ್ನೋ ಗುಂಡಿನ ಶೂಟ್ಸನ್ ರೈಫಲ್, ಅಂದ್ರೆ ಗುರಿ ಸ್ಪರ್ಧೆಗೆ ಮಾಡಿದ್ದು, ಅಮೆರಿಕದಲ್ಲಿ ಯಾರೋ ಚೇಂಬರ್ ದೊಡ್ಡದು ಮಾಡ್ಸಿದಾರೆ. 1945ರ ನಂತರ ಸೈನಿಕರು ತಂದ ರೈಫಲ್‌ಗಳಿಗೆ ಮೂಲ ಗುಂಡು ಸಿಗೋದು ಕಷ್ಟ ಆಗಿ ಹೀಗೆ ಮಾಡ್ಸೋರು. ನೀವು ನೋಡಿರೋ ರೇಟು ಕೆಡದೇ ಇರೋ ಪೀಸ್‌ದು, ಅದನ್ನ ಲೆಕ್ಕಕ್ಕೆ ತಗೋಬೇಡಿ.

ಮೊದ್ಲು ಪಾಲಿಶ್ ಗೀಲಿಶ್ ಏನೂ ಮಾಡ್ಬೇಡಿ. ಮುಂದಿನ ಮರ ಬಿಚ್ಚಿ ಬ್ಯಾರಲ್ ಅಡಿ ನೋಡಿ, ಸಲೀಸಾಗಿ ಬರದಿದ್ರೆ ಗನ್‌ಸ್ಮಿತ್‌ಗೆ ಬಿಡಿ. ಕಿರೀಟದ ಜೊತೆ ಬಿ, ಯು, ಜಿ ಇದ್ರೆ 1891ರ ಕಾನೂನಿನ ಪ್ರೂಫ್ ಗುರುತು (ಬಂದೂಕು ಪರೀಕ್ಷೆ ಮಾಡಿ ಒತ್ತೋ ಮುದ್ರೆ), ಹದ್ದಿನ ಜೊತೆ ಅಕ್ಷರ ಇದ್ರೆ 1939ರ ಕಾನೂನಿಂದು ಇರ್ಬಹುದು. ಜರ್ಮನ್ ಗುರುತೇ ಇಲ್ಲ ಅಂದ್ರೆ ಬ್ಯಾರಲ್ಲೇ ಬದಲಾಗಿರೋ ಚಾನ್ಸ್ ಜಾಸ್ತಿ, ಆಗ ಬೆಲೆ ಇರೋದು ಆಕ್ಷನ್ನಿಗೂ (ಗುಂಡು ಹಾಕಿ ಹಾರಿಸೋ ಯಂತ್ರ) ಸ್ಟಾಕಿಗೂ ಮಾತ್ರ.

ಆಮೇಲೆ ಗನ್‌ಸ್ಮಿತ್ ಹತ್ರ ಚೇಂಬರ್ ಕಾಸ್ಟ್ (ಒಳಗಿನ ಅಚ್ಚು) ಮಾಡ್ಸಿ, ಬೋರ್ (ಬ್ಯಾರಲ್ ಒಳಗಿನ ತೂತು) ಅಳತೆ ತೆಗ್ಸಿ, ಇವುಗಳ ಬೋರ್ ಒಂದೇ ಸೈಜಲ್ಲಿ ಇರಲ್ಲ. ಅಲ್ಲಿವರೆಗೂ ಗುಂಡು ಹಾರಿಸ್ಲೇಬೇಡಿ.

ಕಳೆದಿರೋ ಸೈಟ್ ಹುಡುಕಿ ಹಾಕ್ಬಹುದು, ಅದು ದೊಡ್ಡ ನಷ್ಟ ಅಲ್ಲ. ಸ್ಕೋಪಿಗೆ ಕೊರೆದ ತೂತು, ಕತ್ತರಿಸಿದ ಬ್ಯಾರಲ್, ಹೊಸ ಬ್ಲೂಯಿಂಗ್ (ಲೋಹದ ಮೇಲಿನ ನೀಲಿ-ಕಪ್ಪು ಬಣ್ಣ), ಮರಳುಕಾಗದ ಉಜ್ಜಿದ ಸ್ಟಾಕ್ ಇವೇ ಬೆಲೆ ಇಳಿಸೋದು. ಲೋಹದ ಅಂಚಿಗಿಂತ ಮರ ತಗ್ಗಾಗಿದ್ರೆ, ಚೆಕರಿಂಗ್ (ಹಿಡಿತಕ್ಕೆ ಕೊರೆದ ಗೀರುಗಳು) ಮೊನೆ ಚಪ್ಪಟೆ ಆಗಿದ್ರೆ ಉಜ್ಜಿದಾರೆ ಅಂತ್ಲೇ ತಿಳ್ಕೊಳ್ಳಿ.

ಫೋಟೋ ನೋಡ್ದೆ ನಾನು ಮೊತ್ತ ಹೇಳಲ್ಲ. ಇದೇ ರೀತಿ ಆಲ್ಟರ್ ಆಗಿರೋವು ಹರಾಜಲ್ಲಿ ನಿಜವಾಗ್ಲೂ ಎಷ್ಟಕ್ಕೆ ಹೋದ್ವು ನೋಡಿ, ಕೇಳೋ ರೇಟು ಅಲ್ಲ. ಪ್ರೂಫ್ ಗುರುತಿನ ಕ್ಲೋಸಪ್ ತೆಗೆದು ಜರ್ಮನ್ ಗನ್ ಕಲೆಕ್ಟರ್ಸ್ ಅಸೋಸಿಯೇಷನ್‌ನವರನ್ನೂ ಕೇಳಿ.