ಅಜ್ಜನ ಹವಾಯನ್ ಗಿಟಾರ್‌ನಲ್ಲಿ ಸದ್ದೇ ಬರುತ್ತಿಲ್ಲ, ಪಿಕಪ್ ಬದಲಾಯಿಸಬೇಕಾ?

ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಅಜ್ಜನ ಎಲೆಕ್ಟ್ರಿಕ್ ಹವಾಯನ್ ಗಿಟಾರ್ ಸಿಕ್ಕಿದೆ, ತಂತಿಗೆಲ್ಲ ತುಕ್ಕು, ಆಂಪ್ಲಿಫೈಯರ್‌ಗೆ ಹಾಕಿದರೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸಲ್ಲ, ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹಾಕಿಸಬೇಡಿ ಮಾರಾಯ್ರೆ. ಏನನ್ನೂ ಕೀಳಲೂ ಬೇಡಿ.

ನಾನಿರುವುದು ಶಿವಮೊಗ್ಗದಲ್ಲಿ. ನಮ್ಮ ದೊಡ್ಡಪ್ಪನ ಗಿಟಾರೂ ಹೀಗೇ ಸದ್ದಿಲ್ಲದೆ ಬಿದ್ದಿತ್ತು. ರಿಪೇರಿಗೆ ಕೊಟ್ಟ ಕಡೆ ಮೀಟರ್ ಕೂಡ ಇಟ್ಟು ನೋಡದೆ ಕಾಯಿಲ್, ಅಂದರೆ ಪಿಕಪ್ ಒಳಗಿನ ತಾಮ್ರದ ತಂತಿಯ ಸುರುಳಿ, ಹೋಗಿದೆ ಅಂದರು. ಹೊಸ ಪಿಕಪ್ ಕೂರಿಸಿ, ಹಳೆಯದನ್ನು ಗುಜರಿಗೆ ಹಾಕಿದರು. ಸದ್ದೇನೋ ಬಂತು. ಆದರೆ ದೊಡ್ಡಪ್ಪ ನುಡಿಸುವಾಗ ಬರುತ್ತಿದ್ದ ಆ ಸದ್ದು ಮತ್ತೆ ಬರಲೇ ಇಲ್ಲ. ಈ ಗಿಟಾರ್‌ಗಳ ಜೀವ ಇರುವುದೇ ಪಿಕಪ್‌ನಲ್ಲಿ. ಮರವೋ ಅಲ್ಯೂಮಿನಿಯಮ್ಮೋ ಆಮೇಲಿನ ಮಾತು. 1932ರ ಸುಮಾರಿಗೆ ಅಮೆರಿಕದಲ್ಲಿ ರಿಕೆನ್‌ಬ್ಯಾಕರ್‌ನವರು ಮಾರಾಟಕ್ಕೆ ಬಿಟ್ಟ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆ ಮೇಲಿಟ್ಟು ನುಡಿಸುವ ಇಂಥದ್ದೇ. ಬಾಣಲೆ ತರ ಇದ್ದಿದ್ದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಅನ್ನುವ ಹೆಸರೇ ಬಿತ್ತು. ಅದರಲ್ಲಿ ಕುದುರೆ ಲಾಳದಂಥ ಅಯಸ್ಕಾಂತದ ನಡುವೆ ತಂತಿ ಹಾದು ಹೋಗುತ್ತವೆ. ನಿಮ್ಮದರಲ್ಲೂ ಅಂಥ ಲಾಳ ಇದ್ದರೆ ಅದನ್ನು ಬಿಚ್ಚಬೇಡಿ, ಬೀಳಿಸಬೇಡಿ.

ಮೊದಲು ಗಿಟಾರನ್ನು ಬೇರೆ ಆಂಪ್ಲಿಫೈಯರ್‌ಗೆ, ಬೇರೆ ಕೇಬಲ್‌ನಲ್ಲಿ ಹಾಕಿ ನೋಡಿ. ಅಜ್ಜನದು ಗಾಜಿನ ವಾಲ್ವ್‌ಗಳಿರುವ ಹಳೇ ಆಂಪ್ಲಿಫೈಯರ್ ಆಗಿದ್ದರೆ ಪ್ಲಗ್‌ಗೆ ಹಾಕಲೇಬೇಡಿ, ಒಳಗೆ ಕೈಯನ್ನೂ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ. ಹಳೆಯವಕ್ಕೆ ಅರ್ತಿಂಗ್ ಇಲ್ಲದಿದ್ದರೆ ಗಿಟಾರ್ ತಂತಿ ಮುಟ್ಟಿದ ಕೈಗೇ ಶಾಕ್ ಹೊಡೆಯಬಹುದು. ಅದನ್ನು ಹಳೇ ರೇಡಿಯೋ ರಿಪೇರಿ ಗೊತ್ತಿರುವವರಿಗೇ ಕೊಡಿ.

ಆಮೇಲೆ ಒಂದು ಮಲ್ಟಿಮೀಟರ್ ತಗೊಳ್ಳಿ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಮೇಲಿಟ್ಟು, ಕೇಬಲ್‌ನ ಇನ್ನೊಂದು ತುದಿಯ ಪಿನ್ನಿನ ಮೊನೆಗೂ ಬುಡಕ್ಕೂ ಮೀಟರ್ ಹಿಡಿಯಿರಿ. 5ರಿಂದ 10 ಕಿಲೋ ಓಮ್ ಒಳಗೆ ತೋರಿಸಿದರೆ ಕಾಯಿಲ್ ಬದುಕಿದೆ. ಲಾಳದ ಪಿಕಪ್‌ನಲ್ಲಿ ಇನ್ನೂ ಕಡಿಮೆ ಇರಬಹುದು, ಹೆದರಬೇಡಿ. 250 ಅಥವಾ 500 ಕಿಲೋ ಓಮ್ ಹತ್ತಿರ ತೋರಿಸಿದರೆ ನೀವು ನೋಡುತ್ತಿರುವುದು ವಾಲ್ಯೂಮ್ ಕಂಟ್ರೋಲ್‌ನ ಅಳತೆ, ಕಾಯಿಲ್ ಕಡೆ ಎಲ್ಲೋ ತುಂಡಾಗಿದೆ ಅಂತ. ಸೊನ್ನೆ ಬಂದರೆ ಶಾರ್ಟ್.

ತುಂಡಾಗಿದೆ ಅಂದ ತಕ್ಷಣ ಕೈಬಿಡಬೇಡಿ. ಸಾಗರದ ಪರಿಚಯದವರೊಬ್ಬರ ಗಿಟಾರ್ ಹೀಗೇ ಬಂದಿತ್ತು. ಪಿಕಪ್‌ಗೆ ಸುತ್ತಿದ್ದ ಬಟ್ಟೆ ಟೇಪನ್ನು ನಿಧಾನಕ್ಕೆ ಬಿಡಿಸಿದೆ. ಒಳಗೆ ತಾಮ್ರದ ತಂತಿ, ತಲೆಕೂದಲಿನಷ್ಟು ಸಪೂರ, ಸಾವಿರಾರು ಸುತ್ತು. ಭೂತಗನ್ನಡಿ ಹಿಡಿದು ನೋಡಿದರೆ ದಪ್ಪ ವೈರಿಗೆ ಬೆಸುಗೆ ಹಾಕಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಿಲುಬು. ನಮ್ಮ ಮಳೆಗಾಲದ ಥಂಡಿ ಅಲ್ಲಿ ಕೂತು ತಂತಿಯನ್ನು ತಿಂದಿತ್ತು. ಹೊರಗಿನ ಒಂದೇ ಸುತ್ತು ಬಿಚ್ಚಿ, ತುದಿಯ ವಾರ್ನಿಷ್ ಕೆರೆದು, ಚೂರೇ ಚೂರು ಬೆಸುಗೆ ಹಾಕಿದೆ. ಅಷ್ಟೇ. ಮೀಟರ್ 7.2 ಕಿಲೋ ಓಮ್ ತೋರಿಸಿತು. ಅವತ್ತು ರಾತ್ರಿ ಊಟ ಮರೆತು ಅದನ್ನೇ ನುಡಿಸುತ್ತಾ ಕೂತಿದ್ದೆ.

ಕಾಯಿಲ್ ಒಳಗಡೆಯೇ ತುಂಡಾಗಿದ್ದರೆ ಮಾತ್ರ ಮತ್ತೆ ಸುತ್ತಿಸಬೇಕು. ಫ್ಯಾನ್, ಮೋಟಾರ್ ವೈಂಡಿಂಗ್‌ನವರ ಹತ್ತಿರ ಇರುವುದು ಜಾಸ್ತಿ ದಪ್ಪ ತಂತಿ, ಅದು ಆಗುವುದಿಲ್ಲ. ಅಷ್ಟೇ ಸಪೂರದ ತಂತಿ ತರಿಸಿ, ಹಳೇ ಅಯಸ್ಕಾಂತವನ್ನೇ ಉಳಿಸಿಕೊಳ್ಳಲು ಹೇಳಿ.

ಇನ್ನೊಂದು ಮಾತು, ಇದು ಮಲೆನಾಡಿನವರಿಗೇ. ಬೂಷ್ಟು ಹಿಡಿದ ಸಾಮಾನನ್ನು ನಾವು ಒಲೆ ಮೇಲಿನ ಅಟ್ಟಕ್ಕೋ ಬಚ್ಚಲೊಲೆ ಪಕ್ಕಕ್ಕೋ ಇಡುತ್ತೇವೆ, ಅಲ್ವಾ? ಗಿಟಾರನ್ನು ಹಾಗೆ ಇಡಬೇಡಿ. ಹಳೆಯ ಗಿಟಾರ್‌ಗಳಿಗೆ ಅಂಟಿಸುತ್ತಿದ್ದ ಮುತ್ತಿನ ಬಣ್ಣದ ಹಾಳೆ ಎಷ್ಟೋ ಸಲ ಸೆಲ್ಯುಲಾಯ್ಡ್. ಅದು ಬೇಗ ಬೆಂಕಿ ಹಿಡಿಯುತ್ತದೆ. ಥಿನ್ನರ್ ತಾಗಿದರೂ ಕರಗುತ್ತದೆ. ಪಿಕಪ್‌ಗೆ ಮೇಣ ಹಾಕಿದ್ದರೆ ಒಲೆಯ ಬಿಸಿಗೆ ಅದೂ ಇಳಿದು ಹೋಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ಇಟ್ಟರೆ ಸಾಕು. ಆರಿದ್ರಾ ಮಳೆ ಹಿಡಿದ ಮೇಲಂತೂ ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ದಿನಾ ಹತ್ತು ನಿಮಿಷ ನುಡಿಸಿ, ತಂತಿ ಒರೆಸಿ.

ತಂತಿ ಬಿಗಿಸುವ ಕೀಗಳಿಗೆ ಒಂದೊಂದು ಹನಿ ಹೊಲಿಗೆ ಮಿಷನ್ ಎಣ್ಣೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಅದರೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಆಕಡೆ ಈಕಡೆ ತಿರುಗಿಸಿ. ತಂತಿ ಕೊಳ್ಳುವಾಗ ಎಲೆಕ್ಟ್ರಿಕ್ ಸೆಟ್ ಅಂತಲೇ ಕೇಳಿ. ಕಂಚು ಸುತ್ತಿದ ಅಕೂಸ್ಟಿಕ್ ತಂತಿ ಹಾಕಿದರೆ ಅಯಸ್ಕಾಂತಕ್ಕೆ ಸರಿಯಾಗಿ ಸ್ಪಂದಿಸದೆ ದಪ್ಪ ತಂತಿಗಳ ಸದ್ದು ಬಡವಾಗುತ್ತದೆ.

ಮೀಟರ್ ಎಷ್ಟು ತೋರಿಸಿತು ಅಂತ ಬರೆಯಿರಿ, ಪಿಕಪ್‌ನ ಒಂದು ಫೋಟೋನೂ ಹಾಕಿ. ಎಲ್ಲಿ ತುಂಡಾಗಿರಬಹುದು ಅಂತ ಸೇರಿ ಹುಡುಕೋಣ.