ಫುಟ್‌ಬಾಲ್ ಮೈದಾನಗಳಲ್ಲಿ ಮದ್ಯ ಮಾರಾಟಕ್ಕೆ ಅವಕಾಶವಿರಬೇಕೇ?
ಇರಬೇಕು, ಆದರೆ ಬಿಗಿಯಾದ ಮಿತಿಯೊಳಗೆ ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ ಮೈದಾನಗಳಲ್ಲಿನ ಮದ್ಯ ನಿಷೇಧವೇನೂ ಸುಮ್ಮನೆ ಹುಟ್ಟಿದ್ದಲ್ಲ. 1980ರ ಮೇ 10ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟಿಷ್ ಕಪ್ ಫೈನಲ್ ಮುಗಿದೊಡನೆ ಸೆಲ್ಟಿಕ್ ಮತ್ತು ರೇಂಜರ್ಸ್ ಅಭಿಮಾನಿಗಳು ಅಂಗಳಕ್ಕೆ ನುಗ್ಗಿ ಬಾಟಲಿ, ಕ್ಯಾನುಗಳನ್ನು ತೂರಾಡಿ ಹೊಡೆದಾಡಿದರು. ಕುದುರೆಯೇರಿದ ಪೊಲೀಸರು ಅವರನ್ನು ಚದುರಿಸಬೇಕಾಯಿತು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ನಿಷೇಧದ ಕಾಯ್ದೆ ಬಂದಿತು.

ಇಂಗ್ಲೆಂಡಿನ 1985ರ ಕಾಯ್ದೆಯ ದಾರಿ ಬೇರೆ. ಅಲ್ಲಿನ ಪ್ರಮುಖ ಮೈದಾನಗಳಲ್ಲಿ ಪರವಾನಗಿ ಪಡೆದು ಮದ್ಯ ಮಾರಬಹುದು, ಆದರೆ ಆಟ ಕಣ್ಣಿಗೆ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. ಪರಿಣಾಮವಾಗಿ, 15 ನಿಮಿಷಗಳ ವಿರಾಮದಲ್ಲಿ ಜನರು ಸ್ಟ್ಯಾಂಡಿನ ಹಿಂಬದಿಯಲ್ಲಿ ನೂಕುನುಗ್ಗಲಿನ ಸಾಲಿನಲ್ಲಿ ನಿಂತು, ಪ್ಲಾಸ್ಟಿಕ್ ಲೋಟದ ಬಿಯರನ್ನು ಗಟಗಟನೆ ಕುಡಿದು ಆಸನಕ್ಕೆ ಓಡುತ್ತಾರೆ. ಅದೇ ದೇಶದ ಕ್ರಿಕೆಟ್ ಮತ್ತು ರಗ್ಬಿ ಪ್ರೇಕ್ಷಕರು ಕುಳಿತಲ್ಲೇ ನಿಧಾನವಾಗಿ ಕುಡಿಯಬಹುದು. ಈ ತಾರತಮ್ಯ ನನಗಂತೂ ನ್ಯಾಯವೆನಿಸುವುದಿಲ್ಲ. ಮೇಲಾಗಿ, ಒಳಗೆ ಸಿಗದಿದ್ದರೆ ಹೊರಗಿನ ಪಬ್ಬಿನಲ್ಲಿ ಮೊದಲೇ ಅತಿಯಾಗಿ ಕುಡಿದು ಬರುವವರನ್ನು ಯಾವ ಕಾಯ್ದೆಯೂ ಸುಲಭವಾಗಿ ತಡೆಯಲಾರದು.

ಗಾಜಿನ ಬಾಟಲಿಗೆ ಅವಕಾಶ ಕೊಡದೆ, ಒಬ್ಬರಿಗೆ ಇಷ್ಟೇ ಎಂದು ಗೊತ್ತುಪಡಿಸಿ, ಮಕ್ಕಳೊಂದಿಗೆ ಬರುವ ಕುಟುಂಬಗಳಿಗೆ ಮದ್ಯರಹಿತ ವಿಭಾಗವನ್ನು ಕಾಯ್ದಿರಿಸಿ ಮಾರುವುದು ಸರಿ. ಹಳೆಯ ವೈರದ ತಂಡಗಳು ಎದುರಾಗುವ ದಿನ ಮಾತ್ರ ಮಾರಾಟವನ್ನು ಪೂರ್ತಿ ನಿಲ್ಲಿಸುವ ಅಧಿಕಾರ ಪೊಲೀಸರಿಗಿರಬೇಕು.